ಟೆಲಿವಿಷನ್ ವಾಲ್ವಿನ ಮೇಲೆ ಬಂದ ಅಪವಾದ

ಯಂತ್ರಗಳ ಇತಿಹಾಸವನ್ನು ಬರೆಯುವವರು ಅವು ಹುಟ್ಟಿದ ದಿನವನ್ನೂ ಹುಟ್ಟಿಸಿದವರ ಹೆಸರನ್ನೂ ತಪ್ಪದೆ ದಾಖಲಿಸುತ್ತಾರೆ. ಅವು ಕೆಟ್ಟು ಕುಳಿತ ದಿನಗಳ ಲೆಕ್ಕವನ್ನಾಗಲಿ, ಅವನ್ನು ಬಿಚ್ಚಿ ಸರಿಪಡಿಸಿದವರ ವೃತ್ತಾಂತವನ್ನಾಗಲಿ ಬರೆಯುವವರು ವಿರಳ. ಆದರೆ ಒಂದು ಯಂತ್ರವು ಜನರ ಮನೆಯೊಳಗೆ ಹೇಗೆ ಬಾಳಿತೆಂಬುದು ತಿಳಿಯುವುದು ಈ ಎರಡನೆಯ ವೃತ್ತಾಂತದಿಂದಲೇ. ಹಳೆಯ ವಾಲ್ವ್ ಟೆಲಿವಿಷನ್ನಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ವಾಲ್ವಿನ ಸೆಟ್ಟು ಪದೇ ಪದೇ ಕೆಡುತ್ತಿತ್ತು, ಟ್ರಾನ್ಸಿಸ್ಟರ್ ಬಂದ ಮೇಲೆ ಆ ಕಾಟ ತಪ್ಪಿತು ಎಂಬ ಅಭಿಪ್ರಾಯವು ರೂಢಮೂಲವಾಗಿದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಪರಿಶೀಲಿಸಿದರೆ, ಅಪವಾದವನ್ನು ಹೊತ್ತದ್ದು ಒಂದು, ಅಪರಾಧವನ್ನು ಎಸಗಿದ್ದು ಹೆಚ್ಚಾಗಿ ಮತ್ತೊಂದು ಎಂಬುದು ಗೋಚರಿಸುತ್ತದೆ.

ವಾಲ್ವ್ ಎಂದರೆ ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ನಳಿಗೆ. ಒಳಗಿನ ತಂತುವು ಕೆಂಪಗೆ ಕಾದಾಗ ಅದನ್ನು ಸುತ್ತುವರಿದ ಕ್ಯಾಥೋಡಿನಿಂದ ಇಲೆಕ್ಟ್ರಾನುಗಳು ಹೊಮ್ಮುತ್ತವೆ. ಗ್ರಿಡ್ ಎಂಬ ಸೂಕ್ಷ್ಮ ಜಾಲರಿಗೆ ಕೊಟ್ಟ ಅಲ್ಪ ವೋಲ್ಟೇಜು ಆ ಪ್ರವಾಹವನ್ನು ಹಿಡಿಯುತ್ತದೆ, ಬಿಡುತ್ತದೆ. ವಾಲ್ವ್ ರೇಡಿಯೋವನ್ನು ಬಳಸಿದ ಹಿರಿಯ ವಾಚಕರಿಗೆ ಸ್ವಿಚ್ ಹಾಕಿದ ಮೇಲೆ ದನಿ ಕೇಳುವವರೆಗಿನ ಆ ಅರ್ಧ ನಿಮಿಷ ನೆನಪಿರಬಹುದು. ನಾವು ಕಾದದ್ದು ಅದು ಕಾಯಲೆಂದು!

ಅಮೆರಿಕದ ಸಾಮಾನ್ಯ ಮನೆಯ ರೇಡಿಯೋದಲ್ಲಿ ಇಂತಹ ವಾಲ್ವುಗಳು ಐದಿರುತ್ತಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಆರ್.ಸಿ.ಎ. ಕಂಪನಿಯು ಮಾರುಕಟ್ಟೆಗೆ ತಂದ ೬೩೦-ಟಿ.ಎಸ್. ಎಂಬ ಟೆಲಿವಿಷನ್ನಿನಲ್ಲಿ ಚಿತ್ರನಳಿಗೆಯೂ ಸೇರಿ ಅವು ೩೦. ಪರದೆ ೧೦ ಅಂಗುಲ, ಬೆಲೆ ೩೭೫ ಡಾಲರ್. ಕಂಪನಿಯು ಇದರ ವಿನ್ಯಾಸವನ್ನು ಪ್ರತಿಸ್ಪರ್ಧಿಗಳಿಗೂ ಒದಗಿಸಿತಾದ್ದರಿಂದ ಇದೇ ಮಾದರಿಯ ಸೆಟ್ಟುಗಳು ಬೇರೆ ಬೇರೆ ಹೆಸರಿನಲ್ಲಿ ಹೊರಬಂದವು. ೧೯೫೦ರಲ್ಲಿ ಆ ದೇಶದ ನೂರು ಮನೆಗಳಲ್ಲಿ ಸುಮಾರು ೯ರಲ್ಲಿ ಮಾತ್ರ ಟೆಲಿವಿಷನ್ ಇದ್ದರೆ, ೧೯೬೦ರ ವೇಳೆಗೆ ಅದು ೮೭ರಷ್ಟಾಯಿತು. ಗಣಿತವು ಸರಳ: ಐದು ವಾಲ್ವಿನ ರೇಡಿಯೋ ಐದಾರು ವರ್ಷಕ್ಕೊಮ್ಮೆ ಕೆಡುವುದಾದರೆ, ಅದೇ ಗುಣಮಟ್ಟದ ಮೂವತ್ತು ವಾಲ್ವುಗಳ ಪೆಟ್ಟಿಗೆ ವರ್ಷಕ್ಕೊಮ್ಮೆಯಾದರೂ ಕೆಡಲೇಬೇಕು. ಬಿಡಿಬಿಡಿಯಾಗಿ ನೋಡಿದರೆ ವಾಲ್ವು ಹಿಂದೆ ಎಷ್ಟು ನಂಬಿಕಸ್ತವೋ ಈಗಲೂ ಅಷ್ಟೇ. ಆದರೆ ಅದರ ಸಂಖ್ಯೆ ಹೆಚ್ಚಿತ್ತು.

ಹಾಗಾದರೆ ವಾಲ್ವು ಸ್ವಭಾವತಃ ದುರ್ಬಲವೇ? ಅಲ್ಲವೆನ್ನಲು ಪ್ರಬಲ ಸಾಕ್ಷ್ಯಗಳಿವೆ. ಯುದ್ಧಕಾಲದಲ್ಲಿ ಇಂಗ್ಲೆಂಡಿನ ಅಂಚೆ ಇಲಾಖೆಯ ಇಂಜಿನಿಯರ್ ಟಾಮಿ ಫ್ಲವರ್ಸ್ ಅವರು ಶತ್ರುವಿನ ಗುಪ್ತಲಿಪಿಯನ್ನು ಭೇದಿಸಲು ಸುಮಾರು ೧೬೦೦ ವಾಲ್ವುಗಳ ಕೊಲೋಸಸ್ ಯಂತ್ರವನ್ನು ಕಟ್ಟಲು ಮುಂದಾದಾಗ, ಇಷ್ಟೊಂದು ವಾಲ್ವುಗಳು ಏಕಕಾಲಕ್ಕೆ ಕೆಡದೆ ನಡೆಯಲಾರವೆಂದು ಬಲ್ಲವರೇ ಅನುಮಾನಿಸಿದರು. ದೂರವಾಣಿ ವ್ಯವಸ್ಥೆಯಲ್ಲಿ ಸಹಸ್ರಾರು ವಾಲ್ವುಗಳನ್ನು ಬಳಸಿದ್ದ ಫ್ಲವರ್ಸರಿಗೆ ಒಂದು ಅನುಭವವಿತ್ತು: ವಾಲ್ವು ಕೆಡುವುದು ಬಹುತೇಕ ಉರಿಸಿ ಆರಿಸುವ ಹೊತ್ತಿನಲ್ಲಿ, ನಿರಂತರವಾಗಿ ಉರಿಯಬಿಟ್ಟರೆ ಅದು ದೀರ್ಘಕಾಲ ಬಾಳುತ್ತದೆ. ೧೯೪೪ರ ಆರಂಭದಲ್ಲಿ ಬ್ಲೆಚ್ಲೀ ಪಾರ್ಕಿನಲ್ಲಿ ಆ ಯಂತ್ರವು ಕೆಲಸಕ್ಕೆ ತೊಡಗಿ ಅವರ ಮಾತನ್ನು ಸಮರ್ಥಿಸಿತು. ಇನ್ನೊಂದು ನಿದರ್ಶನ ೧೯೫೬ರಲ್ಲಿ ಸ್ಕಾಟ್ಲೆಂಡಿನಿಂದ ನ್ಯೂಫೌಂಡ್ಲೆಂಡಿಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲ ದೂರವಾಣಿ ಕೇಬಲ್. ದನಿಯನ್ನು ಮತ್ತೆ ಮತ್ತೆ ವರ್ಧಿಸಲು ಅದರೊಳಗೆ ವಾಲ್ವುಗಳನ್ನೇ ಹೂಡಲಾಗಿತ್ತು. ಸಾಗರದ ತಳಕ್ಕೆ ಯಾವ ಮೆಕ್ಯಾನಿಕ್ ಹೋಗಬಲ್ಲ? ಆ ಕೇಬಲ್ ೧೯೭೮ರವರೆಗೆ, ೨೨ ವರ್ಷ, ಸೇವೆ ಸಲ್ಲಿಸಿತು.

ಟೆಲಿವಿಷನ್ನಿನ ವಾಲ್ವಿಗೆ ಈ ಸುಖ ದೊರೆಯಲಿಲ್ಲ. ದಿನಕ್ಕೆ ಎರಡು ಮೂರು ಸಲ ಉರಿಸುವುದು, ಆರಿಸುವುದು. ಸಾಲದ್ದಕ್ಕೆ, ವೆಚ್ಚವನ್ನು ಉಳಿಸಲು ತಯಾರಕರು ಭಾರವಾದ ಟ್ರಾನ್ಸ್‌ಫಾರ್ಮರನ್ನು ಬಿಟ್ಟು, ಎಲ್ಲ ವಾಲ್ವುಗಳ ತಂತುಗಳನ್ನೂ ಒಂದೇ ಸರದಲ್ಲಿ ಪೋಣಿಸಿದರು. ಸರದಲ್ಲಿ ಒಂದು ಮಣಿ ಒಡೆದರೆ ಎಲ್ಲವೂ ಕತ್ತಲು. ಬೇಗ ಕಾಯುವ ವಾಲ್ವಿನ ಮೇಲೆ ನಿಧಾನವಾಗಿ ಕಾಯುವವುಗಳ ಪಾಲಿನ ವೋಲ್ಟೇಜೂ ಬೀಳುತ್ತಿತ್ತು. ಎಲ್ಲವೂ ಹೆಚ್ಚುಕಡಿಮೆ ಹನ್ನೊಂದು ಸೆಕೆಂಡುಗಳಲ್ಲಿ ಒಟ್ಟಿಗೆ ಕಾಯುವಂತೆ ತಂತುಗಳನ್ನು ರೂಪಿಸಿ ಈ ದೋಷವನ್ನು ಪರಿಹರಿಸಿದ್ದು ೧೯೫೦ರ ದಶಕದಲ್ಲಿ.

ಆದರೆ ನಿಜವಾದ ರೋಗವಿದ್ದುದು ಷಾಸಿಯ ಅಡಿಯಲ್ಲಿ. ಅಲ್ಲಿ ಬೆಸುಗೆ ಹಾಕಿ ಕೂರಿಸಿದ ಹತ್ತಾರು ಕಂಡೆನ್ಸರುಗಳು ಕಾಗದ ಮತ್ತು ಲೋಹದ ಹಾಳೆಯನ್ನು ಸುರುಳಿ ಸುತ್ತಿ ಮೇಣದಿಂದ ಮುಚ್ಚಿದವು. ವರ್ಷಗಳು ಕಳೆದಂತೆ ಮೇಣದೊಳಗೆ ತೇವ ಸೇರಿ ಕಾಗದ ಸೋರತೊಡಗುತ್ತದೆ. ವಾಲ್ವುಗಳ ಬಿಸಿಯೂ ಅದಕ್ಕೆ ನೆರವಾಗುತ್ತದೆ. ಕಂಡೆನ್ಸರಿನ ಕೆಲಸವೆಂದರೆ ಒಂದು ವಾಲ್ವಿನ ಸಂಕೇತವನ್ನು ಮುಂದಿನ ವಾಲ್ವಿನ ಗ್ರಿಡ್ಡಿಗೆ ದಾಟಿಸಿ, ನೂರಾರು ವೋಲ್ಟಿನ ನೇರ ವಿದ್ಯುತ್ತನ್ನು ಮಾತ್ರ ತಡೆಯುವುದು. ಅದು ಸೋರಿದಾಗ ಆ ವೋಲ್ಟೇಜಿನ ಅಂಶವು ಗ್ರಿಡ್ಡನ್ನು ಮುಟ್ಟಿ, ಹಿಡಿತ ತಪ್ಪಿದ ವಾಲ್ವು ಮಿತಿಮೀರಿ ಪ್ರವಾಹವನ್ನೆಳೆದು ತನ್ನನ್ನೇ ಸುಟ್ಟುಕೊಳ್ಳುತ್ತದೆ. ಚಿತ್ರದ ಗೆರೆಗಳನ್ನು ಅಡ್ಡಡ್ಡ ಎಳೆಯುವ, ಸೆಕೆಂಡಿಗೆ ೧೫,೭೫೦ ಬಾರಿ ದುಡಿಯುವ ಔಟ್‌ಪುಟ್ ವಾಲ್ವಿಗಂತೂ ಇದು ಮರಣಶಾಸನ. ಸತ್ತ ವಾಲ್ವನ್ನು ತೆಗೆದು ಹೊಸದನ್ನು ಹಾಕಿದರೆ ಸೆಟ್ಟು ಬೆಳಗುತ್ತದೆ. ಕೆಲವು ತಿಂಗಳಲ್ಲಿ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮನೆಯವರು ವಾಲ್ವನ್ನು ಶಪಿಸುತ್ತಾರೆ.

ಶಪಿಸದೇ ಏನು ಮಾಡಿಯಾರು? ಕೈಗೆ ಸಿಗುತ್ತಿದ್ದುದು ಅದೊಂದೇ. ಕೆಡುವುದೆಂದು ಮೊದಲೇ ತಿಳಿದು ಅದನ್ನು ಕಿತ್ತು ಹಾಕಬಹುದಾದ ಸಾಕೆಟ್ಟಿನಲ್ಲಿ ಇರಿಸಿದ್ದರು. ಯಾವ ವಾಲ್ವು ಎಲ್ಲಿರಬೇಕೆಂಬ ನಕ್ಷೆಯನ್ನು ಪೆಟ್ಟಿಗೆಯ ಒಳಗೇ ಅಂಟಿಸಿದ್ದರು. ೧೯೫೦ರ ದಶಕದ ಅಮೆರಿಕದಲ್ಲಿ ಔಷಧದ ಅಂಗಡಿಗಳಲ್ಲೂ ಕಿರಾಣಿ ಅಂಗಡಿಗಳಲ್ಲೂ ವಾಲ್ವ್ ಪರೀಕ್ಷಿಸುವ ಯಂತ್ರಗಳು ನಿಂತವು. ಗೃಹಸ್ಥರು ವಾಲ್ವುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಚುಚ್ಚಿ ನೋಡುವರು. ಪರೀಕ್ಷೆ ಉಚಿತ, ಹೊಸ ವಾಲ್ವುಗಳ ದಾಸ್ತಾನು ಅದೇ ಯಂತ್ರದ ಕೆಳಗಿನ ಕಪಾಟಿನಲ್ಲಿ! ಈ ಯಂತ್ರಗಳು ಬಹುಮಟ್ಟಿಗೆ ಅಳೆಯುತ್ತಿದ್ದುದು ಕ್ಯಾಥೋಡ್ ಎಷ್ಟು ಇಲೆಕ್ಟ್ರಾನುಗಳನ್ನು ಹೊಮ್ಮಿಸುತ್ತದೆ ಎಂಬುದನ್ನಷ್ಟೇ. ಅಲ್ಲಿ ‘ನಿತ್ರಾಣ’ವೆಂದು ತೋರಿದ ವಾಲ್ವು ಸೆಟ್ಟಿನಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲದಾಗಿತ್ತು, ಅಲ್ಲಿ ತೇರ್ಗಡೆಯಾದದ್ದು ಸೆಟ್ಟಿನಲ್ಲಿ ಸೋಲುತ್ತಲೂ ಇತ್ತು. ರೋಗನಿದಾನವನ್ನು ಔಷಧ ಮಾರುವವನಿಗೇ ಬಿಟ್ಟರೆ ಆಗುವುದು ಇದೇ.

ಷಾಸಿಯನ್ನು ತಿರುವಿ ನೋಡಬಲ್ಲವನು ಮೆಕ್ಯಾನಿಕ್ ಮಾತ್ರ. ಅವನ ವಿದ್ಯೆ ಸಾಮಾನ್ಯವಾದುದಲ್ಲ. ಪ್ಲಗ್ ಕಿತ್ತ ಮೇಲೂ ಚಿತ್ರನಳಿಗೆಯು ಸಾವಿರಾರು ವೋಲ್ಟುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಹೊರಹರಿಸದೆ ಕೈಯಿಡುವಂತಿಲ್ಲ. ೧೯೪೬ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಹೋವರ್ಡ್ ಸ್ಯಾಮ್ಸ್ ಎಂಬವರು ಮಾರುಕಟ್ಟೆಗೆ ಬಂದ ಸೆಟ್ಟುಗಳನ್ನು ಬಿಚ್ಚಿ, ಛಾಯಾಚಿತ್ರ ತೆಗೆದು, ಒಂದೊಂದು ಬಿಂದುವಿನ ವೋಲ್ಟೇಜನ್ನು ಅಳೆದು ‘ಫೋಟೋಫ್ಯಾಕ್ಟ್’ ಎಂಬ ಕಡತಗಳನ್ನು ಪ್ರಕಟಿಸತೊಡಗಿದರು. ಸಣ್ಣ ಊರಿನ ಮೆಕ್ಯಾನಿಕ್ಕಿಗೂ ಇದರಿಂದ ಯಾವ ಕಂಪನಿಯ ಸೆಟ್ಟಿನ ಒಳಮರ್ಮವೂ ತಿಳಿಯುವಂತಾಯಿತು. ವಿದ್ಯೆಯು ಗುಟ್ಟಾಗಿ ಉಳಿಯದೆ ಹಂಚಿಹೋದ ಈ ಪ್ರಸಂಗವನ್ನು ನಾವು ಟೆಲಿವಿಷನ್ನಿನ ಆವಿಷ್ಕಾರಕ್ಕಿಂತ ಕಡಿಮೆಯೆಂದು ಎಣಿಸಲಾರೆವು.

ವಿದ್ಯೆ ಹಂಚಿಹೋಯಿತು, ವಿಶ್ವಾಸ ಹಂಚಿಹೋಗಲಿಲ್ಲ. ಒಂದು ವಾಲ್ವಿನಿಂದ ಸರಿಹೋಗುವ ಸೆಟ್ಟಿಗೆ ನಾಲ್ಕು ಹಾಕಿ ಬಿಲ್ಲು ಬರೆದರೆ, ಗಾಜಿನೊಳಗಿನದನ್ನು ಅರಿಯದ ಗಿರಾಕಿಗೆ ಗೊತ್ತಾಗುವ ಬಗೆ ಯಾವುದು? ಲೂಸಿಯಾನ ರಾಜ್ಯವು ಲೈಸೆನ್ಸ್ ಇಲ್ಲದವರು ಟೆಲಿವಿಷನ್ ರಿಪೇರಿ ಮಾಡಕೂಡದೆಂದಿತು. ಕ್ಯಾಲಿಫೋರ್ನಿಯವು ೧೯೬೩ರಲ್ಲಿ ಬೇರೊಂದು ಮಾರ್ಗವನ್ನು ಹಿಡಿಯಿತು: ಅಂಗಡಿಯವರು ಹೆಸರು ನೋಂದಾಯಿಸಿದರೆ ಸಾಕು, ಆದರೆ ಸರ್ಕಾರದ ಪರೀಕ್ಷಕರು ಗೊತ್ತಿರುವ ದೋಷವೊಂದನ್ನು ಸೆಟ್ಟಿನಲ್ಲಿ ತಾವೇ ಇರಿಸಿ, ಗಿರಾಕಿಯಂತೆ ಅಂಗಡಿಗೆ ಕಳುಹಿಸಿ, ಬಿಲ್ಲನ್ನು ಪರಿಶೀಲಿಸುವರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಅಧ್ಯಯನವೊಂದು ೧೯೭೪ರಲ್ಲಿ ಇವೆರಡನ್ನೂ, ಯಾವ ಕಾನೂನೂ ಇಲ್ಲದ ವಾಷಿಂಗ್ಟನ್ ನಗರವನ್ನೂ ಹೋಲಿಸಿ ನೋಡಿತು. ಲೈಸೆನ್ಸಿನ ಲೂಸಿಯಾನದಲ್ಲಿ ಮೋಸವು ಕಾನೂನಿಲ್ಲದ ನಗರಕ್ಕಿಂತ ಕಡಿಮೆಯಿರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಎದ್ದುಕಾಣುವಷ್ಟು ಕಡಿಮೆಯಿತ್ತು. ಯೋಗ್ಯತಾಪತ್ರವು ಕೈಚಳಕವನ್ನು ಪ್ರಮಾಣೀಕರಿಸಬಹುದು, ಪ್ರಾಮಾಣಿಕತೆಯನ್ನಲ್ಲ.

ಈ ನಡುವೆ ಸೆಟ್ಟಿನ ಒಳರೂಪವೂ ಬದಲಾಗುತ್ತಿತ್ತು. ಕೈಯಿಂದ ಬೆಸೆದ ತಂತಿಗಳ ಬದಲು ತಾಮ್ರದ ಗೆರೆ ಮೂಡಿಸಿದ ಹಲಗೆಗಳು ಬಂದವು. ವಾಲ್ವಿನ ಕಾವಿಗೆ ಅವು ಸುಟ್ಟು ಬಿರುಕುಬಿಡುತ್ತಿದ್ದುದರಿಂದ ಜೆನಿತ್ ಕಂಪನಿಯು ತನ್ನ ಸೆಟ್ಟುಗಳಲ್ಲಿ ಅಂತಹ ಹಲಗೆಯೇ ಇಲ್ಲವೆಂದು ಬಹುಕಾಲ ಜಾಹೀರಾತು ಮಾಡಿತು. ೧೯೬೭ರಲ್ಲಿ ಜನರಲ್ ಇಲೆಕ್ಟ್ರಿಕ್ ಕಂಪನಿಯ ದೊಡ್ಡ ಬಣ್ಣದ ಸೆಟ್ಟುಗಳಲ್ಲಿ ಅತಿವೋಲ್ಟೇಜನ್ನು ನಿಯಂತ್ರಿಸುವ ವಾಲ್ವಿನಿಂದ ಎಕ್ಸ್-ಕಿರಣಗಳು ಸೋರುವುದು ಬೆಳಕಿಗೆ ಬಂದು, ಮರುವರ್ಷ ವಿಕಿರಣ ನಿಯಂತ್ರಣದ ಕಾಯಿದೆಯಾಯಿತು. ಇಲ್ಲಿ ವಾಲ್ವು ನಿರಪರಾಧಿಯಲ್ಲವೆಂದು ಒಪ್ಪಲೇಬೇಕು. ಅದೇ ೧೯೬೭ರಲ್ಲಿ ಮೊಟರೋಲ ಕಂಪನಿಯ ಕ್ವೇಸರ್ ಸೆಟ್ಟು ಬಂದಿತು: ಟ್ರಾನ್ಸಿಸ್ಟರಿನ ಹಲಗೆಗಳನ್ನು ಮೇಜಿನ ಖಾನೆಯಂತೆ ಎಳೆದು ಬದಲಿಸುವ ಏರ್ಪಾಡು. ಬಿಡಿಭಾಗವನ್ನು ಹುಡುಕುವ ವಿದ್ಯೆಗೆ ಬದಲಾಗಿ ಇಡಿಯ ಹಲಗೆಯನ್ನೇ ಬದಲಿಸುವ ಪದ್ಧತಿಗೆ ಅದು ನಾಂದಿಯಾಯಿತು.

ನಮ್ಮ ದೇಶದಲ್ಲಿ ೧೯೫೯ರಲ್ಲಿ ದೆಹಲಿಯಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದರೂ ಅದು ಮುಂಬಯಿಗೆ ಬಂದದ್ದು ೧೯೭೨ರಲ್ಲಿ, ಬೆಂಗಳೂರಿನ ಕೇಂದ್ರ ತೆರೆದದ್ದು ೧೯೮೧ರ ನವೆಂಬರ್ ೧ರಂದು. ಹೀಗಾಗಿ ಮೂವತ್ತು ವಾಲ್ವುಗಳ ಕಾಲವನ್ನು ಕರ್ನಾಟಕ ಕಾಣಲಿಲ್ಲ. ೧೯೭೦ರ ದಶಕದ ಭಾರತೀಯ ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಅನೇಕವು ಮಿಶ್ರಜಾತಿಯವು. ಹಗುರ ಕೆಲಸಕ್ಕೆ ಟ್ರಾನ್ಸಿಸ್ಟರ್, ಭಾರದ ಕೆಲಸಕ್ಕೆ ವಾಲ್ವು. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ೧೯೬೧ರಿಂದ ವಾಲ್ವುಗಳನ್ನೂ ೧೯೭೦ರಿಂದ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನೂ ತಯಾರಿಸಿತು. ಯೂರೋಪಿನ ಪದ್ಧತಿಯಲ್ಲಿ ಹೆಸರು ‘ಪಿ’ ಅಕ್ಷರದಿಂದ ಆರಂಭವಾಗುವ ವಾಲ್ವುಗಳೆಲ್ಲ ೩೦೦ ಮಿಲಿಆಂಪಿಯರಿನ ಸರಕ್ಕೆ ಪೋಣಿಸತಕ್ಕವು. ಟ್ರಾನ್ಸ್‌ಫಾರ್ಮರ್ ಇಲ್ಲದ ಇಂತಹ ಸೆಟ್ಟಿನ ಷಾಸಿ ನೇರವಾಗಿ ಮನೆಯ ವಿದ್ಯುತ್ತಿಗೆ ತಗುಲಿರುತ್ತದೆ. ಪ್ಲಗ್ಗನ್ನು ತಿರುವುಮುರುವಾಗಿ ಚುಚ್ಚಿದರೆ ಷಾಸಿಯ ತಗಡಿನಲ್ಲೇ ೨೩೦ ವೋಲ್ಟು. ಹೊರಗಿನ ಮರದ ಪೆಟ್ಟಿಗೆ, ಪ್ಲಾಸ್ಟಿಕ್ ಗುಬುಟುಗಳೇ ಮನೆಯವರಿಗೆ ರಕ್ಷೆ. ನಮ್ಮಲ್ಲಿ ವಾಲ್ವಿಗೆ ಇನ್ನೊಂದು ಶತ್ರುವೂ ಇದ್ದಿತು. ಅದು ಏರಿಳಿಯುವ ವೋಲ್ಟೇಜು. ಟೀವಿ ಕೊಂಡವರು ಜೊತೆಗೇ ಸ್ಟೆಬಿಲೈಸರನ್ನೂ ಕೊಳ್ಳುತ್ತಿದ್ದುದು ವ್ಯರ್ಥವಾಗಿ ಅಲ್ಲ.

ವಾಲ್ವಿನ ಮೇಲಿನ ಅಪವಾದದ ಕೊನೆಯ ವಿಚಾರಣೆ ಈಗ ನಡೆಯುತ್ತಿರುವುದು ಹಳೆಯ ಸೆಟ್ಟುಗಳನ್ನು ಸಂಗ್ರಹಿಸಿ ಮತ್ತೆ ಬೆಳಗಿಸುವ ಹವ್ಯಾಸಿಗಳ ಮೇಜಿನ ಮೇಲೆ. ಎಪ್ಪತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ೬೩೦-ಟಿ.ಎಸ್. ಅವರ ಕೈಗೆ ಬಂದರೆ ಅವರು ಅದಕ್ಕೆ ಒಡನೆಯೇ ವಿದ್ಯುತ್ತು ಕೊಡುವುದಿಲ್ಲ. ಮೊದಲು ಷಾಸಿಯನ್ನು ಮಗುಚಿ, ಮೇಣದ ಕಂಡೆನ್ಸರುಗಳನ್ನೂ ಒಣಗಿಹೋದ ಇಲೆಕ್ಟ್ರೊಲಿಟಿಕ್ ಕಂಡೆನ್ಸರುಗಳನ್ನೂ ಒಂದೊಂದಾಗಿ ಕತ್ತರಿಸಿ ತೆಗೆದು ಹೊಸವನ್ನು ಬೆಸೆಯುತ್ತಾರೆ. ಬೆಲೆ ಬದಲಾದ ರೆಸಿಸ್ಟರುಗಳನ್ನು ಅಳೆದು ಬದಲಿಸುತ್ತಾರೆ. ವಾಲ್ವುಗಳ ಧೂಳೊರಸಿ, ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲನ್ನು ಮರಳಿ ಅವವೇ ಸಾಕೆಟ್ಟುಗಳಲ್ಲಿ ಕೂರಿಸುತ್ತಾರೆ.