ವಿದ್ಯಾವ್ಯಯದ ಭಾರ: ದತ್ತಿ, ದುಡಿಮೆ, ಸಾಲ

ಉನ್ನತ ವಿದ್ಯೆಯ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಯು ನಮ್ಮ ಕಾಲದಲ್ಲಿಯೇ ಹುಟ್ಟಿತೆಂದು ಹಲವರು ಭಾವಿಸಿರುವರು. ಆದರೆ ಕರ್ಣಾಟಕದ ಶಾಸನಗಳನ್ನೂ ಈ ನಾಡಿನಲ್ಲಿಯೇ ರಚಿತವಾದ ಧರ್ಮಶಾಸ್ತ್ರವ್ಯಾಖ್ಯಾನವನ್ನೂ ಪರಿಶೀಲಿಸಿದರೆ, ನಮ್ಮ ಪೂರ್ವಿಕರು ಈ ವಿಷಯವನ್ನು ಲೆಕ್ಕವಿಟ್ಟು ವಿಚಾರಮಾಡಿದ್ದರೆಂಬುದು ವಿಶದವಾಗುವುದು. ವಿದ್ಯಾವ್ಯಯವನ್ನು ನಿರ್ವಹಿಸುವ ಮಾರ್ಗಗಳು ಮೂರು: ದತ್ತಿ, ದುಡಿಮೆ, ಸಾಲ. ಇವುಗಳ ತಾರತಮ್ಯವನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ದತ್ತಿ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತಿರುವ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕ್ರಿ. ಶ. 945ರ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಆಗ ಪಾವಿಟ್ಟಗೆಯೆಂಬ ಹೆಸರಿದ್ದ ಈ ಗ್ರಾಮದಲ್ಲಿ ಮಂತ್ರಿಯಾದ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ನೆಲಸಿದರು. ಅವರ ವಾಸಕ್ಕೆ 27 ಮನೆಗಳು, ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ದತ್ತವಾದವು. ಇಷ್ಟೇ ಅಲ್ಲ, ಊರವರು ವಿವಾಹಕ್ಕೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯದಂತೆ ಶಾಲೆಗೆ ಕೊಡಬೇಕೆಂದೂ ನಿಯಮವಾಯಿತು. ವಿದ್ಯಾರ್ಥಿಯು ರಾತ್ರಿ ಓದಬೇಕಾದರೆ ಎಣ್ಣೆ ಬೇಕು, ಎಣ್ಣೆಗೆ ಹೊಲ ಬೇಕು ಎಂಬಷ್ಟು ದೂರ ದಾನಿಯ ಲೆಕ್ಕವು ಹೋಗಿರುವುದು ಗಮನಾರ್ಹ. ಕ್ರಿ. ಶ. 1058ರ ನಾಗಾವಿಯ ಶಾಸನದಲ್ಲಿಯೂ ಇದೇ ಕ್ರಮವಿದೆ. ಅಲ್ಲಿಯ ಘಟಿಕಾಶಾಲೆಯಲ್ಲಿ 200 ಮಂದಿ ವೇದವಿದ್ಯಾರ್ಥಿಗಳೂ ಸುಮಾರು 50 ಮಂದಿ ಶಾಸ್ತ್ರವಿದ್ಯಾರ್ಥಿಗಳೂ ಇದ್ದರು; ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಸರಸ್ವತೀಭಂಡಾರಿಗಳಿದ್ದರು.

ಆದರೆ ಈ ದತ್ತಿಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಮಾಚಲಾಗದು. ವೇದಶಾಸ್ತ್ರಗಳಿಗೆ ಅಧಿಕಾರಿಗಳೆಂದು ಎಣಿಸಲ್ಪಟ್ಟವರಿಗೆ ಮಾತ್ರ ಅನ್ನವೂ ದೀಪವೂ ಲಭಿಸುತ್ತಿದ್ದವು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗಗಳ ವಿದ್ಯಾಭ್ಯಾಸಕ್ಕೆ ವಿಶೇಷ ನೆರವನ್ನು ಪ್ರತಿಪಾದಿಸಿದಾಗ, ಹಳೆಯ ದತ್ತಿಯ ತತ್ತ್ವವು ಅದರ ಹಳೆಯ ಎಲ್ಲೆಯನ್ನು ದಾಟಲಾರಂಭಿಸಿತೆನ್ನಬಹುದು.

ಎರಡನೆಯದು ದುಡಿಮೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಅಂತೇವಾಸಿಯ ಧರ್ಮವು ಹೇಳಲ್ಪಟ್ಟಿದೆ. ಶಿಲ್ಪವನ್ನು ಕಲಿಯಬಯಸುವವನು ಒಪ್ಪಿದ ಕಾಲದವರೆಗೆ ಗುರುಗೃಹದಲ್ಲಿರಬೇಕು. ಗುರುವು ಅವನಿಗೆ ಊಟವಿಕ್ಕಬೇಕು. ಆ ಅವಧಿಯ ಕೆಲಸದ ಫಲವು ಗುರುವಿಗೆ ಸಲ್ಲಬೇಕು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇಲ್ಲಿ ಕೊಡುವ ಉದಾಹರಣೆಯು ಸ್ವಾರಸ್ಯವಾದುದು: ಆಯುರ್ವೇದವೇ ಮೊದಲಾದ ಶಿಲ್ಪವನ್ನು ಕಲಿಯುವುದಕ್ಕಾಗಿ ನಾಲ್ಕು ವರ್ಷ ಗುರುವಿನ ಮನೆಯಲ್ಲಿರಲು ಒಪ್ಪಿದ ಶಿಷ್ಯನ ವಿಚಾರವದು. ಅಂತೇವಾಸಿಯಿಂದ ಬೇರೆ ಕೆಲಸಗಳನ್ನು ಮಾಡಿಸಕೂಡದು, ಅವನನ್ನು ಮಗನಂತೆ ಕಾಣಬೇಕು ಎಂದು ನಾರದಸ್ಮೃತಿಯು ವಿಧಿಸುತ್ತದೆ. ಕಲಿಸುವ ನೆಪದಲ್ಲಿ ದುಡಿಸಿಕೊಳ್ಳುವ ಅನ್ಯಾಯವು ಆಗಲೂ ಇದ್ದಿರಬೇಕು. ಇಲ್ಲದಿದ್ದರೆ ಈ ನಿಷೇಧಕ್ಕೆ ಅವಕಾಶವೆಲ್ಲಿ?

ಬೆಂಗಳೂರಿನ ವಾಯವ್ಯಕ್ಕಿರುವ ಪೀಣ್ಯದ ಕೈಗಾರಿಕಾ ಪ್ರದೇಶವನ್ನು ಈ ದೃಷ್ಟಿಯಿಂದ ಅಂತೇವಾಸಿಗಳ ಊರೆಂದೇ ಕರೆಯಬಹುದು. ಲೇತು, ಅಚ್ಚು, ಎರಕಗಳ ಸಣ್ಣ ಕಾರ್ಖಾನೆಗಳು ದಟ್ಟವಾಗಿರುವ ಇಲ್ಲಿ ಅಪ್ರೆಂಟಿಸನೆಂಬ ಹೆಸರಿನಿಂದ ಕಲಿಯುವ ಹುಡುಗನಿಗೆ, 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ, ಮಾಲೀಕನು ಕಲಿಕೆಯ ಅವಧಿಯಲ್ಲಿ ಭತ್ಯವನ್ನು ಕೊಡತಕ್ಕದ್ದು. ಕಾಯಿದೆಯು ಅವನನ್ನು ಕಾರ್ಮಿಕನೆಂದು ಎಣಿಸದೆ ಕಲಿಯುವವನೆಂದು ಎಣಿಸುತ್ತದೆ. ಅವಧಿ, ಒಪ್ಪಂದ, ಪೋಷಣೆ ಈ ಮೂರು ಅಂಗಗಳಲ್ಲಿಯೂ ಯಾಜ್ಞವಲ್ಕ್ಯನ ವಿಧಿಗೂ ಇದಕ್ಕೂ ಸಾಮ್ಯವಿದೆ. ನಾರದನ ಎಚ್ಚರಿಕೆಯೂ ಇಲ್ಲಿಗೆ ಯಥಾವತ್ತಾಗಿ ಅನ್ವಯಿಸುತ್ತದೆ: ಕೆಲಸವನ್ನು ಕಲಿಸದೆ ಅಗ್ಗದ ಕೈಯಾಳನ್ನಾಗಿ ಇರಿಸಿಕೊಂಡರೆ ಅಂತೇವಾಸಿತ್ವವು ಕೆಟ್ಟಿತು.

ಮೂರನೆಯದು ಸಾಲ. ವಿಜ್ಞಾನೇಶ್ವರನ ಶಿಷ್ಯನು ದುಡಿದು ಉಂಡು ಕಲಿಯಬಹುದಾಗಿದ್ದ ವೈದ್ಯವಿದ್ಯೆಗೇ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಂದ ಬೆಲೆಯನ್ನು ನೋಡಬಹುದು. 1984ರಲ್ಲಿ ಕರ್ನಾಟಕವು ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸ್ಥಾನಕ್ಕೆ ವರ್ಷಕ್ಕೆ 2,000, ಉಳಿದ ಕರ್ನಾಟಕದವರಿಗೆ 25,000, ಹೊರನಾಡಿನವರಿಗೆ 60,000 ರೂಪಾಯಿಗಳವರೆಗೆ ಶುಲ್ಕವು ಗೊತ್ತಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶುಲ್ಕವನ್ನು ಅಕ್ರಮವೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನಲ್ಲಿ ಶುಲ್ಕದ ಸ್ಥಾನಗಳಿಗೆ ನಿಯಂತ್ರಿತವಾಗಿ ಅವಕಾಶವು ದೊರೆಯಿತು. 2001ರಲ್ಲಿ ಬ್ಯಾಂಕುಗಳ ಸಂಘವು ರೂಪಿಸಿದ ಮಾದರಿ ವಿದ್ಯಾಸಾಲದಲ್ಲಿ ವ್ಯಾಸಂಗ ಮುಗಿದು ಒಂದು ವರ್ಷವಾದಮೇಲೆ, ಇಲ್ಲವೆ ಕೆಲಸ ದೊರೆತು ಆರು ತಿಂಗಳಾದಮೇಲೆ, ಯಾವುದು ಮೊದಲೋ ಆಗ ಮರುಪಾವತಿಯು ಆರಂಭವಾಗತಕ್ಕದ್ದೆಂದಿತ್ತು.

ವಿದ್ಯೆ ಮುಗಿದಮೇಲೆ ಹಣ ಕೊಡುವ ಕಲ್ಪನೆಯು ನಮಗೆ ಹೊಸತಲ್ಲ, ಅದೇ ಗುರುದಕ್ಷಿಣೆ. ಆದರೆ ರಘುವಂಶದ ಐದನೆಯ ಸರ್ಗದಲ್ಲಿ ಹದಿನಾಲ್ಕು ಕೋಟಿಯ ದಕ್ಷಿಣೆಯನ್ನು ಹೊತ್ತ ಕೌತ್ಸನು ತನ್ನ ಮುಂದಿನ ಸಂಪಾದನೆಯನ್ನು ಅಡವಿಡಲಿಲ್ಲ. ರಾಜನ ಬಳಿಗೆ ಹೋದನು. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ತಂದ ರಘುವೂ ವಿದ್ಯಾರ್ಥಿಯನ್ನು ಬರಿಗೈಯಲ್ಲಿ ಕಳುಹಿಸುವುದನ್ನು ಅಪಕೀರ್ತಿಯೆಂದು ಎಣಿಸಿದನು.

ಸಾಲದ ಮಾರ್ಗವು ಪದವೀಧರನ ಸಂಪಾದನೆಯು ನಿಶ್ಚಿತವೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯು ಎಷ್ಟು ದುರ್ಬಲವೆಂಬುದಕ್ಕೆ 2023ರಲ್ಲಿ ಕರ್ನಾಟಕ ಸರ್ಕಾರವು ಹೊರಡಿಸಿದ ಯುವನಿಧಿಯೇ ಸಾಕ್ಷಿ. ತೇರ್ಗಡೆಯಾಗಿ 180 ದಿನಗಳಾದರೂ ಕೆಲಸ ದೊರೆಯದ ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿಗಳಂತೆ ಹೆಚ್ಚೆಂದರೆ ಎರಡು ವರ್ಷ ಕೊಡುವ ಏರ್ಪಾಡದು. ಒಂದು ಕಡೆ ವರ್ಷ ತುಂಬಿತೆಂದು ಸಾಲದ ಕಂತು ಎದುರುನೋಡುತ್ತಿದ್ದರೆ, ಇನ್ನೊಂದು ಕಡೆ ಆ ವರ್ಷದಲ್ಲಿ ಕೆಲಸ ಸಿಗದಿರಬಹುದೆಂದು ರಾಜ್ಯವೇ ಒಪ್ಪಿಕೊಂಡಂತಾಯಿತು.

ಇದರಿಂದ ಸಿದ್ಧವಾಗುವುದಿಷ್ಟು: ದತ್ತಿಯಲ್ಲಿ ವೆಚ್ಚದ ಭಾರವು ನೆಲದ ಮೇಲೂ ಊರಿನ ಮೇಲೂ ಇತ್ತು, ಅಂತೇವಾಸಿತ್ವದಲ್ಲಿ ಗುರುಶಿಷ್ಯರಿಬ್ಬರೂ ಅದನ್ನು ಹಂಚಿಕೊಂಡರು, ಸಾಲದಲ್ಲಿ ಮಾತ್ರ ಅದು ಇನ್ನೂ ಗಳಿಸದ ಹುಡುಗನೊಬ್ಬನ ಹೆಗಲಿಗೆ ಬಿದ್ದಿದೆ. ಪಾವಿಟ್ಟಗೆಯ ಎಲ್ಲೆಗಳು ನಮಗೆ ಬೇಡ. ಆದರೆ ವಿದ್ಯಾರ್ಥಿಯು ಬರುವ ಮೊದಲೇ ಅವನ ದೀಪದ ಎಣ್ಣೆಯನ್ನು ಎಣಿಸಿಟ್ಟ ಆ ಲೆಕ್ಕವು ಬೇಕು.