ಅತ್ತಿಯವರ ಕಾಟು, ಕಿಡಕಿ, ಮಲ್ಲಿಗಿ ಕುಂಡ

ಮೊನ್ನೆ ಪಕ್ಕದ ಮನಿ ವೈನಿ ನಮ್ಮ ಅತ್ತಿಯವರನ್ನ ಮಾತಾಡಿಸ್ಲಿಕ್ಕೆ ಬಂದಿದ್ರು. ಬಚ್ಚಲದಾಗ ಜಾರಿ ಬಿದ್ದು ಕಾಲು ಮುರಕೊಂಡು ಅತ್ತಿಯವರು ಮಲಗಿ ಎರಡು ತಿಂಗಳಾತು. ಖೋಲಿಯೊಳಗ ಮಲ್ಲಿಗಿ ಕುಂಡ ನೋಡಿದ್ದಽ ವೈನಿ, "ಅಯ್ಯ, ಜಡ್ಡಾದವರು ಮಲಗೋ ಖೋಲ್ಯಾಗ ಗಿಡ ಇಡಬಾರದ್ರೀ, ರಾತ್ರಿ ಅದು ಕೆಟ್ಟ ಗಾಳಿ ಬಿಡತದ" ಅಂದ್ರು. ನಮ್ಮವ್ವನೂ ಹಂಗಽ ಅಂತಿದ್ಲು.

ಈ ಅಂಜಿಕಿ ನಮ್ಮ ಕಡೆಯವರದಷ್ಟಽ ಅಲ್ಲ. ನೂರಾ ಅರವತ್ತು ವರ್ಷದ ಹಿಂದ ಇಂಗ್ಲಂಡಿನ ನರ್ಸುಗಳಿಗೂ ಇತ್ತು. ಹೂವು, ಗಿಡ ಜಡ್ಡಿನವರ ಖೋಲಿಗೆ ಒಳ್ಳೇದಲ್ಲ ಅಂತ ಬ್ಯಾಡ ಅಂತಿದ್ರು. ಇದಕ್ಕ ಸಿಟ್ಟಿಗೆದ್ದಾಕಿ ಫ್ಲಾರೆನ್ಸ್ ನೈಟಿಂಗೇಲ್. ಒಂದೆರಡು ಗಿಡ ಬಿಡೋ ಗಾಳಿಗೆ ಒಂದು ನೊಣಾನೂ ಸಾಯಂಗಿಲ್ಲ ಅಂತ ಆಕಿ ವಾದ. ಲಿಲಿಯಂಥ ಕೆಲವು ಹೂವಿನ ವಾಸನಿ ಮಾತ್ರ ಕೆಲವರಿಗೆ ಆಗಿಬರಂಗಿಲ್ಲಂತ ಅಂತನೂ ಹೇಳ್ಯಾಳ. (ನನಗ ಸುಗಂಧರಾಜ ಹಂಗಽ, ತಲಿ ಹಿಡೀತದ.)

ದೀಪ ಹಿಡಕೊಂಡು ನಿಂತ ಆಕಿ ಚಿತ್ರ ಸಾಲಿ ಪುಸ್ತಕದಾಗ ನೋಡೇವಿ. ಆದ್ರ ಆಕಿನೂ ಜಡ್ಡಾಗಿ ಮಲಗಿದ್ಲು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. 1855ರಾಗ ಕ್ರೈಮಿಯಾದ ಯುದ್ಧದೊಳಗ ಸೈನಿಕರ ಆರೈಕಿ ಮಾಡ್ತಾ ಮಾಡ್ತಾ ಆಕಿಗೇ ಭಾರೀ ಜ್ವರ ಬಂತು. ಮುಂದ ಲಂಡನ್ನಿಗೆ ವಾಪಸ್ ಹೋದ ಮ್ಯಾಲೂ ವರ್ಷಾನುಗಟ್ಟಲೆ ಹಾಸಿಗಿ ಮ್ಯಾಲಽ ಇದ್ಲು; ಬರದದ್ದೆಲ್ಲಾ ಹೆಚ್ಚಾಗಿ ಅಲ್ಲಿಂದಽ.

1859ರಾಗ 'ನೋಟ್ಸ್ ಆನ್ ನರ್ಸಿಂಗ್' ಅನ್ನೋ ಪುಸ್ತಕ ಬರದ್ಲು. ಅದು ದವಾಖಾನಿಯವರಿಗೆ ಬರದದ್ದಲ್ಲ, ಮನಿಯೊಳಗ ಜಡ್ಡಿನವರನ್ನ ನೋಡಿಕೊಳ್ಳೋ ನಮ್ಮಂಥ ಹೆಣ್ಣಮಕ್ಕಳಿಗೆ ಬರದದ್ದು. ಜ್ವರದವರು ಗುಡಿಸಲದಾಗ ಮಲಗಿ, ಕಿಡಕಿ ಹೊರಗಿಂದೇನೂ ಕಾಣದಽ, ಕಟಗಿ ಗ್ವಾಡಿಯ ಗಂಟು ಅಷ್ಟಽ ನೋಡ್ತಾ ಎಷ್ಟು ಸಂಕಟ ಪಡ್ತಾರ ಅನ್ನೋದನ್ನ ಆಕಿ ಅಲ್ಲೆ ಹೇಳ್ತಾಳ. ಬಣ್ಣದ ಹೂವಿನ ಗೊಂಚಲು ಕಂಡಾಗ ಅವರಿಗಾಗೋ ಆನಂದ ಮರೀಲಿಕ್ಕಾಗಂಗಿಲ್ಲ ಅಂತಾಳ. ಆಕಿಗೆ ಯಾರೋ ಅಡವಿ ಹೂವು ಕಳಿಸಿದ್ರಂತ, ಅವತ್ತಿನಿಂದಽ ಚೇತರಿಕಿ ಜೋರಾತಂತ. ಇದು ಬರೇ ಮನಸಿನ ಮಾತಲ್ಲ, ಮೈಗೂ ಹತ್ತತದ ಅಂತ ಒತ್ತಿ ಹೇಳ್ಯಾಳ.

ಇದನ್ನ ಓದಿ ನನ್ನ ಕಣ್ಣು ಅತ್ತಿಯವರ ಕಾಟಿನ ಕಡೆ ಹೋತು. ಮಾತ್ರೆ ಡಬ್ಬಿ ಕೈಗೆ ಸಿಗಲಿ ಅಂತ ನಾವು ತಲಿದಿಂಬು ಕಿಡಕಿ ಕಡೆ ಇಟ್ಟಿದ್ವಿ. ಎರಡು ತಿಂಗಳು ಅವರು ನೋಡಿದ್ದು ಗ್ವಾಡಿ ಮತ್ತ ಒಂದು ಕ್ಯಾಲೆಂಡರ್!

ನೈಟಿಂಗೇಲ್ ಹೇಳಿದ್ದಕ್ಕ ಲೆಕ್ಕದ ಆಧಾರ ಸಿಗಲಿಕ್ಕೆ ನೂರಾ ಇಪ್ಪತ್ತೈದು ವರ್ಷ ಬೇಕಾತು. ಅಮೆರಿಕದ ರೋಜರ್ ಉಲ್ರಿಚ್ ಅನ್ನಾವರು ಪೆನ್ಸಿಲ್ವೇನಿಯಾದ ಒಂದು ದವಾಖಾನಿಯ 1972ರಿಂದ 1981ರ ತನಕದ ಕಾಗದಪತ್ರ ತಗದ್ರು. ಎಲ್ಲಾರಿಗೂ ಪಿತ್ತಕೋಶದ ಆಪರೇಶನ್. 23 ಮಂದಿಗೆ ಕಿಡಕಿಯಿಂದ ಗಿಡ ಕಾಣ್ತಿದ್ವು, 23 ಮಂದಿಗೆ ಇಟ್ಟಂಗಿ ಗ್ವಾಡಿ. ಗಿಡದಾಗ ಎಲಿ ತುಂಬಿರೋ ಮೇ ತಿಂಗಳಿಂದ ಅಕ್ಟೋಬರ್ ತನಕದವರನ್ನಷ್ಟಽ ಲೆಕ್ಕಕ್ಕ ತಗೊಂಡ್ರು. ಗಿಡ ಕಾಣೋವರು ಸರಾಸರಿ 7.96 ದಿನಕ್ಕ ಮನಿಗೆ ಹೋದ್ರು, ಗ್ವಾಡಿಯವರು 8.70 ದಿನಕ್ಕ. ಮುಕ್ಕಾಲು ದಿನದ ಫರಕು, ಅಂಥಾ ದೊಡ್ಡದಲ್ಲ. ನನಗ ಹೆಚ್ಚು ನಾಟಿದ್ದು ನರ್ಸುಗಳು ಬರದಿಟ್ಟ ಟಿಪ್ಪಣಿ: ಅಳತಾರ, ಭಾಳ ಸಮಾಧಾನ ಹೇಳಬೇಕಾಗತದ ಅನ್ನೋಂಥವು ಗ್ವಾಡಿಯವರ ಹೆಸರಿನ ಮುಂದ ಮೂರು ಪಟ್ಟಿಗಿಂತ ಹೆಚ್ಚು. ನೋವಿನ ಜೋರು ಔಷಧನೂ ಅವರಿಗೆ ಹೆಚ್ಚು ಬೇಕಾತು. ಒಂದಽ ದವಾಖಾನಿ, 46 ಮಂದಿ ಅನ್ನೋದು ಖರೇ. ಆದ್ರೂ ನಾ ಅವತ್ತಽ ಕಾಟು ತಿರುವಿಸಿದೆ, ಕಿಡಕ್ಯಾಗ ಕುಂಡ ತಂದಿಟ್ಟೆ.

ಅತ್ತಿಯವರು ನೋಡಿದ್ರು, "ಛಲೋ ಆತು" ಅಂದ್ರು, ಸುಮ್ಮನಾದ್ರು. ನಾನಽ ದಿನಾ ನೀರು ಹಾಕಿ, ಒಣಗಿದ ಎಲಿ ತಗದು, "ನೀವು ಆರಾಮ ಮಲಗ್ರಿ" ಅಂತಿದ್ದೆ.

ಆಮ್ಯಾಲೆ ಇನ್ನೊಂದು ಪ್ರಯೋಗದ ಸುದ್ದಿ ಓದಿದೆ. 1976ರಾಗ ಎಲೆನ್ ಲ್ಯಾಂಗರ್ ಮತ್ತ ಜುಡಿತ್ ರೋಡಿನ್ ಅನ್ನೋ ಇಬ್ಬರು ಹೆಣ್ಣಮಕ್ಕಳು ಅಮೆರಿಕದ ಕನೆಕ್ಟಿಕಟ್ಟಿನ ಒಂದು ವೃದ್ಧಾಶ್ರಮದಾಗ ಮಾಡಿದ್ದು. ಎರಡೂ ಮಜಲಿನ ಅಜ್ಜಾ-ಅಜ್ಜಿಯರಿಗೆ ಗಿಡ ಕೊಟ್ರು. ಒಂದು ಮಜಲಿನವರು ಬೇಕಾದದ್ದು ಆರಿಸಿಕೊಂಡು ತಾವಽ ನೋಡಿಕೊಳ್ಳಬೇಕು. ಇನ್ನೊಂದು ಮಜಲಿನ ಗಿಡಕ್ಕ ನರ್ಸಽ ನೀರು ಹಾಕೋದು. ಮೂರು ವಾರಕ್ಕಽ ಮೊದಲಿನವರು ಹೆಚ್ಚು ಚುರುಕು, ಹೆಚ್ಚು ಖುಷಿ. ಅವರಿಗೆ ಯಾವತ್ತು ಸಿನಿಮಾ ನೋಡಬೇಕು ಅನ್ನೋಂಥ ಬ್ಯಾರೆ ಸ್ವಾತಂತ್ರ್ಯನೂ ಕೊಟ್ಟಿದ್ರು, ಎಲ್ಲಾ ಗಿಡದ ಮಹಿಮಾ ಅಲ್ಲ. ಮುಂದ ಅವರೊಳಗ ಸಾವೂ ಕಡಿಮಿ ಆತು ಅಂತ ಎಲ್ಲಾರೂ ಹೇಳ್ತಾರ. ಆದ್ರ ಆ ಲೆಕ್ಕಾನ ಅವರಽ ಆಮ್ಯಾಲೆ ತಿದ್ದಿಕೊಂಡ್ರು, ಅದಕ್ಕ ನಾ ಅದನ್ನ ಹಿಡಕೊಳ್ಳೋದಿಲ್ಲ.

ನಲವತ್ತು ವರ್ಷ ಹಿತ್ತಲ ನೋಡಿಕೊಂಡ ಹೆಣ್ಣಮಗಳಿಗೆ ನಾ ಆ ಎರಡನೇ ಮಜಲಿನ ನರ್ಸಾಗಿದ್ದೆ. ಆರೈಕಿ ಅಂತ ಇದ್ದೊಂದು ಕೆಲಸಾನೂ ಕಸಗೊಂಡಿದ್ದೆ.

ಈಗ ಸಣ್ಣ ಚರಗಿ ಅವರ ಕೈಯಾಗದ. ಕಾಲಿನ ನೋವು ಕಡಿಮಿ ಆತೇನು ಅಂದ್ರ, ಇಲ್ಲ, ರಾತ್ರಿ ಇನ್ನೂ ನರಳತಾರ. ಆದ್ರ ಮುಂಜಾನೆ ಎದ್ದ ಕೂಡಲೆ ಕೂಡಿಸು ಅಂತಾರ, ಮೊಗ್ಗು ಎಣಸಬೇಕಲ್ಲ. ನಿನ್ನೆ ನಾ ಮರತು ಕುಂಡಕ್ಕ ನೀರು ಹಾಕಿಬಿಟ್ಟೆ. "ನನ್ನ ಗಿಡಕ್ಕ ನೀನ್ಯಾಕ ಹಾಕಿದಿ? ಬೇರು ಕೊಳಸ್ತಿ ಏನು?" ಅಂತ ವೈನಿ ಮುಂದಽ ಬೈದ್ರು.