ವಾಯಿದೆ ಮುಗಿದ ಮೇಲಿನ ಮೂರು ದಿನ

ಉರ್ದುವಿನಲ್ಲಿ 'ವಾದಾ' ಅಂದರೆ ಕೊಟ್ಟ ಮಾತು. ಅದೇ ಪದ ಕನ್ನಡದಲ್ಲಿ 'ವಾಯಿದೆ' ಆಯಿತು, ಅಂದರೆ ಸಾಲ ತೀರಿಸುವ ಗಡುವು. ಮಾತು ಕೊಟ್ಟವನಿಗೂ ಒಂದಿಷ್ಟು ಬಿಡುವು ಬೇಕು ಅಂತ ಕಾನೂನು ಹಿಂದೆಯೇ ಒಪ್ಪಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 22ನೇ ಕಲಂ ನೋಡಿ: ಗಡುವಿನ ಪ್ರಾಮಿಸರಿ ನೋಟಿನ ಹಣವನ್ನು, ಬರೆದ ದಿನದ ನಂತರದ ಮೂರನೇ ದಿನ ಕೊಟ್ಟರೂ ಸರಿಯೇ. ಅವನು ಮಾತು ತಪ್ಪಿದವನಲ್ಲ.

1950ರಲ್ಲಿ ನ್ಯೂಯಾರ್ಕಿನಲ್ಲಿ ಬಂದ ಡೈನರ್ಸ್ ಕ್ಲಬ್ ಕಾರ್ಡಿನ ಬಿಲ್ಲನ್ನು ತಿಂಗಳಿಗೊಮ್ಮೆ ಪೂರ್ತಿ ಕಟ್ಟಬೇಕಿತ್ತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನಲ್ಲಿ, ಕೇಳದವರ ಮನೆಗೂ ಅಂಚೆಯಲ್ಲಿ ಕಾರ್ಡ್ ಕಳಿಸಿತು. ಅದರಲ್ಲಿ ಬಾಕಿ ಉಳಿಸಬಹುದಿತ್ತು, ಬಡ್ಡಿ ಕೊಟ್ಟು.

ನಮ್ಮ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಲ್ಲೂ ಮೂರು ದಿನವಿದೆ: ಕೊನೆಯ ದಿನಾಂಕ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡಪಾವತಿ ಶುಲ್ಕ. ಆದರೆ ಈ ಬಿಡುವು ಶುಲ್ಕಕ್ಕೆ, ಬಡ್ಡಿಗಲ್ಲ. "ಮಿನಿಮಮ್ ಕಟ್ಟಿದ್ದೀನಲ್ಲ" ಅಂತ ನೀವು ಸುಮ್ಮನಾದರೆ ಬಡ್ಡಿಯಿಲ್ಲದ ಅವಧಿಯೇ ಕೈತಪ್ಪುತ್ತದೆ. ಹಳೆ ಬಾಕಿಗೂ ಹೊಸ ಖರೀದಿಗೂ ಬಡ್ಡಿ ಓಡುತ್ತದೆ.

ಮುಂಬೈ, ಪುಣೆಯಲ್ಲಿ ಮೊದಲ ಸಂಬಳದ ಜೊತೆ ಮೊದಲ ಕಾರ್ಡ್ ಹಿಡಿಯುವ ತಮ್ಮ, ತಂಗಿಯರೇ, ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ದೊಡ್ಡದನ್ನೇ ಓದಿ, ಅದನ್ನೇ ಕಟ್ಟಿ.